ಲ್ಯಾಪ್‌ಟಾಪ್ ವೈಫೈಗೆ ಹೊರಗಿನ ಆಂಟೆನಾ: ಮೊದಲು ತಂತಿ ಅಳೆಯಿರಿ

ನಮಸ್ಕಾರ. ಮೇಜಿನ ಮೇಲೆ ಹಿಂದಿನ ಕವರ್ ಬಿಚ್ಚಿದ ಹಳೇ ಲ್ಯಾಪ್‌ಟಾಪ್ ಇದೆ. ಪರದೆ ಒಡೆದಿತ್ತು, ಹಾಗಾಗಿ ಮುಚ್ಚಳವನ್ನೇ ತೆಗೆದು ಮಾನಿಟರ್‌ಗೆ ಜೋಡಿಸಿದೆ. ಹೀಗೆ ಮಾಡಿದ ಕೂಡಲೇ ವೈಫೈ ಸತ್ತ ಹಾಗಾಗುತ್ತದೆ, ಯಾಕೆಂದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಆಂಟೆನಾ ಇರುವುದು ಪರದೆಯ ಅಂಚಿನಲ್ಲಿ. ಅದನ್ನು ಹೊರಗಿನಿಂದ ಹಾಕೋಣ. ದಿನಾ ಬ್ಯಾಗಿಗೆ ತುರುಕುವ ಲ್ಯಾಪ್‌ಟಾಪ್‌ಗೆ ಮಾತ್ರ ಈ ಕೆಲಸ ಬೇಡ. ಚಾಚಿಕೊಂಡ ಆಂಟೆನಾ ಎಲ್ಲಾದರೂ ಸಿಕ್ಕಿಕೊಂಡರೆ ಒಳಗಿನ ವೈಫೈ ಕಾರ್ಡಿನ ಕನೆಕ್ಟರನ್ನೂ ಕಿತ್ತುಕೊಂಡೇ ಬರುತ್ತದೆ.

ಅಂಗಡಿಗೆ ಹೋಗುವ ಮುಂಚೆ ಕಾರ್ಡ್ ನೋಡಿ. ಹಳೇ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿರುವುದು ಯು.ಎಫ್.ಎಲ್ ಕನೆಕ್ಟರ್, ಅಂಗಡಿಯವರ ಮಾತಲ್ಲಿ ಐಪೆಕ್ಸ್ 1. ಈಗಿನ ಎಂ.2 ಕಾರ್ಡಿನಲ್ಲಿ ಇನ್ನೂ ಚಿಕ್ಕದಾದ ಎಂಎಚ್‌ಎಫ್4 ಇರುತ್ತದೆ. ಒಂದರ ಮೇಲೆ ಇನ್ನೊಂದು ಕೂರುವುದಿಲ್ಲ, ಒತ್ತಿ ಕೂರಿಸಲು ಹೋದರೆ ಕಾರ್ಡೇ ಹೋಗುತ್ತದೆ. ಬೇಕಾದದ್ದು ಎರಡು ಪಿಗ್‌ಟೇಲ್ (ಕಾರ್ಡಿನಿಂದ ಆಂಟೆನಾವರೆಗೆ ಹೋಗುವ ತೆಳು ತಂತಿ), ಎರಡು ಡ್ಯುಯಲ್ ಬ್ಯಾಂಡ್ ಆಂಟೆನಾ (2.4, 5 ಗಿಗಾಹರ್ಟ್ಸ್ ಎರಡಕ್ಕೂ ಆಗುವಂಥದ್ದು), ಅಷ್ಟೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ.

ಪಿಗ್‌ಟೇಲಿನ ಇನ್ನೊಂದು ತುದಿ ಆರ್‌ಪಿ-ಎಸ್‌ಎಂಎ ಆಗಿರಬೇಕು, ಅಂದರೆ ವೈಫೈ ಆಂಟೆನಾವನ್ನು ತಿರುಗಿಸಿ ಕೂರಿಸುವ ಕನೆಕ್ಟರ್. ಬರೀ ಎಸ್‌ಎಂಎ ಕೂಡ ನೋಡಲು ಹಾಗೇ ಇರುತ್ತದೆ, ತಿರುಪಿನ ಮರೆಯೂ ಅದೇ. ಮಧ್ಯಕ್ಕೆ ಟಾರ್ಚ್ ಬಿಟ್ಟು ನೋಡಿ: ಹೊರಗೆ ಮರೆ ಇರುವ ತುದಿಯಲ್ಲಿ ಪಿನ್ ಕಾಣಬೇಕು, ವೈಫೈ ಆಂಟೆನಾದಲ್ಲಿ ತೂತು. ಎರಡೂ ಕಡೆ ತೂತೇ ಇದ್ದರೆ ನಟ್ ಚೆನ್ನಾಗಿ ಬಿಗಿಯುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ಎರಡೂ ಕಡೆ ಪಿನ್ ಇದ್ದರೆ ಒಂದಕ್ಕೊಂದು ತಾಗಿ ಮುರಿಯುತ್ತವೆ.

ಈಗ ತಂತಿ. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. 9 ಡಿಬಿಐ ಆಂಟೆನಾ ಕೊಳ್ಳುತ್ತಾರೆ (ಆಂಟೆನಾ ಸಿಗ್ನಲನ್ನು ಒಂದು ಕಡೆಗೆ ಎಷ್ಟು ಒಟ್ಟುಗೂಡಿಸುತ್ತದೆ ಅನ್ನುವ ಅಳತೆ ಡಿಬಿಐ), ಆಮೇಲೆ ಕಿಟಕಿವರೆಗೂ ಬರಲಿ ಅಂತ ಮಾರುದ್ದದ ಪಿಗ್‌ಟೇಲ್ ಹಾಕುತ್ತಾರೆ. 1.13 ಮಿಲಿಮೀಟರ್ ದಪ್ಪದ ಈ ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 3ರಿಂದ 4 ಡಿಬಿ ನುಂಗುತ್ತದೆ, 5 ಗಿಗಾಹರ್ಟ್ಸ್‌ನಲ್ಲಿ 5 ಡಿಬಿ ದಾಟುತ್ತದೆ. ಎಂಎಚ್‌ಎಫ್4ಗೆ ಬರುವ 0.81 ಮಿಲಿಮೀಟರಿನದು ಇನ್ನೂ ಹೊಟ್ಟೆಬಾಕ. 3 ಡಿಬಿ ಅಂದರೆ ಅರ್ಧ ಶಕ್ತಿ. 5 ಡಿಬಿಐ ಆಂಟೆನಾಗೆ ಒಂದು ಮೀಟರ್ ಪಿಗ್‌ಟೇಲ್ ಹಾಕಿದರೆ ನಿಮ್ಮ ಕೈಗೆ ಸಿಗುವುದು 2 ಡಿಬಿಐ, ಅದೂ ಲೆಕ್ಕ ಚೆನ್ನಾಗಿದ್ದರೆ. 15 ಸೆಂಟಿಮೀಟರ್ ತಂತಿಯಲ್ಲಿ ಹೋಗುವುದು ಅರ್ಧ ಡಿಬಿಯಷ್ಟೇ. ಹಾಗಾಗಿ 15, ಹೆಚ್ಚೆಂದರೆ 20 ಸೆಂಟಿಮೀಟರ್. 9 ಡಿಬಿಐ ಕೂಡ ಬೇಡ ಅನ್ನುತ್ತೇನೆ. ಡಿಬಿಐ ಏರಿದಷ್ಟೂ ಅಲೆ ಅಡ್ಡಡ್ಡಲಾಗಿ ಚಪ್ಪಟೆಯಾಗುತ್ತದೆ. ರೂಟರ್ ಮೇಲಿನ ಮಹಡಿಯಲ್ಲಿದ್ದರೆ ಸಿಗ್ನಲ್ ಕಮ್ಮಿಯೇ ಆಗಬಹುದು.

ಕಾನೂನಿನ ಚಿಂತೆ ಬೇಡ. ನಮ್ಮಲ್ಲಿ 2.4 ಗಿಗಾಹರ್ಟ್ಸ್‌ಗೆ ಆಂಟೆನಾದ ಗೇನ್ (ಅದೇ ಡಿಬಿಐ) ಸೇರಿಸಿ 4 ವ್ಯಾಟ್, ಶಕ್ತಿ ಅಳೆಯುವ ಡಿಬಿಎಂ ಲೆಕ್ಕದಲ್ಲಿ 36, ಮಿತಿ ಇದೆ. ಕಾರ್ಡಿನ 20 ಡಿಬಿಎಂಗೆ ಆಂಟೆನಾದ 5 ಡಿಬಿಐ ಕೂಡಿಸಿದರೂ 25 ಡಿಬಿಎಂ.

ಕೆಲಸಕ್ಕೆ ಬರೋಣ. ಚಾರ್ಜರ್ ತೆಗೆಯಿರಿ, ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ತೂತು ಕೊರೆಯುವುದಿದ್ದರೆ ಮದರ್‌ಬೋರ್ಡ್ ಹೊರಗೆ ತೆಗೆದೇ ಕೊರೆಯಿರಿ. ಲೋಹದ ಒಂದು ಚೂರು ಒಳಗುಳಿದರೂ ಶಾರ್ಟ್ ಆಗುತ್ತದೆ. 6.5 ಮಿಲಿಮೀಟರ್ ಬಿಟ್ ಸಾಕು. ಡಿವಿಡಿ ಡ್ರೈವ್ ತೆಗೆದ ಖಾಲಿ ಜಾಗ ಇದ್ದರೆ ಅದೇ ಒಳ್ಳೆಯದು. ಯುಎಸ್‌ಬಿ 3 ಪೋರ್ಟಿನ ಪಕ್ಕ ಮಾತ್ರ ಬೇಡ. ಅದರ ಗದ್ದಲ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತದೆ, 2012ರಲ್ಲಿ ಇಂಟೆಲ್ ಇದನ್ನು ಅಳೆದು ಪ್ರಕಟಿಸಿತ್ತು. ಎರಡು ತೂತಿನ ನಡುವೆ 6 ಸೆಂಟಿಮೀಟರ್ ಆದರೂ ಇರಲಿ, ಅದು 2.4 ಗಿಗಾಹರ್ಟ್ಸ್‌ನ ಅರ್ಧ ಅಲೆಯುದ್ದ.

ಮೊದಲು ನಟ್ ಬಿಗಿದು, ಆಮೇಲೆ ಕಾರ್ಡಿಗೆ ಸಿಕ್ಕಿಸಿ. ತಿರುಗಾ ಮುರುಗಾ ಮಾಡಿದರೆ ನಟ್ ತಿರುಗಿಸುವಾಗ ತಂತಿಯೂ ತಿರುಚಿ ಕನೆಕ್ಟರನ್ನು ಎಬ್ಬಿಸುತ್ತದೆ. ಹಳೇ ತಂತಿ ಇನ್ನೂ ಕಾರ್ಡಿನಲ್ಲಿದ್ದರೆ ತಂತಿ ಹಿಡಿದು ಎಳೆಯಬೇಡಿ. ಕನೆಕ್ಟರಿನ ಕೆಳಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನೇರ ಮೇಲಕ್ಕೆತ್ತಿ. ಹೊಸದನ್ನು ಕಾರ್ಡಿನ ಕನೆಕ್ಟರ್ ಮೇಲೆ ಸರಿಯಾಗಿ ಇಟ್ಟು, ಅಲುಗದೆ ಕೂತಿದೆ ಅನ್ನಿಸಿದ ಮೇಲಷ್ಟೇ ಉಗುರಿನಿಂದ ನೇರ ಒತ್ತಿ. ಟಿಚ್ ಬಟನ್ ಹಾಗೆ ಟಿಕ್ ಅನ್ನಬೇಕು. ಓರೆಯಾಗಿ ಒತ್ತಿದರೆ ಹೊರಗಿನ ಉಂಗುರ ಬಾಗುತ್ತದೆ. ಯು.ಎಫ್.ಎಲ್ ತಯಾರಿಸುವ ಹಿರೋಸೆ ಕೊಡುವ ಲೆಕ್ಕ 30 ಸಲ ಹಾಕಿ ತೆಗೆಯುವುದು ಮಾತ್ರ, ಆದ್ದರಿಂದ ಸುಮ್ಮನೆ ಪ್ರಯೋಗ ಬೇಡ. ಉಪಯೋಗಿಸದ ಹಳೇ ತಂತಿಯ ತುದಿಗೆ ಕ್ಯಾಪ್ಟಾನ್ ಟೇಪ್ (ವಿದ್ಯುತ್ ಹರಿಯಗೊಡದ ಟೇಪ್) ಸುತ್ತಿ, ಬೋರ್ಡಿಗೆ ತಾಗದ ಹಾಗೆ ಬದಿಗಿಡಿ. ಕಾರ್ಡಿನ ಮೇನ್, ಆಕ್ಸ್ ಎಂಬ ಎರಡೂ ಕನೆಕ್ಟರಿಗೆ ಆಂಟೆನಾ ಹಾಕಿ. ವೇಗ ಬರುವುದು ಎರಡೂ ಸೇರಿದಾಗ, ಮೇಲಾಗಿ ಬ್ಲೂಟೂತ್ ಇರುವ ಕಾರ್ಡ್‌ಗಳು ಇವೇ ತಂತಿಗಳನ್ನು ಅದಕ್ಕೂ ಬಳಸುತ್ತವೆ. ಹೊರಗಿನ ಒಂದು ಆಂಟೆನಾ ನೆಟ್ಟಗೆ ನಿಲ್ಲಲಿ, ಇನ್ನೊಂದನ್ನು ಅಡ್ಡ ಮಲಗಿಸಿ.

ಪರೀಕ್ಷೆಗೆ ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ವಿಂಡೋಸ್‌ನಲ್ಲಿ netsh wlan show interfaces ಅನ್ನುವ ಕಮಾಂಡ್ ಕೊಟ್ಟರೆ ಶೇಕಡಾವಾರು ಬರುತ್ತದೆ: 100 ಅಂದರೆ ಮೈನಸ್ 50 ಡಿಬಿಎಂ, 0 ಅಂದರೆ ಮೈನಸ್ 100. ಅಂದರೆ ಶೇ. 6 ಏರಿದರೆ 3 ಡಿಬಿ ಗಿಟ್ಟಿದಂತೆ. ಲಿನಕ್ಸ್ ಇದ್ದರೆ ಇನ್ನೂ ಸಲೀಸು, ಐಡಬ್ಲ್ಯೂ ಸ್ಟೇಷನ್ ಡಂಪ್ (iw station dump) ಅನ್ನುವ ಕಮಾಂಡ್ ಅನೇಕ ಕಾರ್ಡ್‌ಗಳಲ್ಲಿ ಎರಡೂ ಆಂಟೆನಾಗಳ ಲೆಕ್ಕ ಬೇರೆ ಬೇರೆ ಕೊಡುತ್ತದೆ. ಒಂದು ಮೈನಸ್ 55, ಇನ್ನೊಂದು ಮೈನಸ್ 80 ಅಂದರೆ ಎರಡನೆಯದರ ಕನೆಕ್ಟರ್ ಕೂತಿಲ್ಲ, ಇಲ್ಲವೇ ಆ ತೂತು-ಪಿನ್ ಗೊಂದಲ. ಮೊದಲು ಹೊರಗಿನ ಆಂಟೆನಾಗಳನ್ನು ಅದಲು ಬದಲು ಮಾಡಿ ನೋಡಿ, ಕಾರ್ಡಿನ ಕಡೆ ಆಮೇಲೆ ಕೈ ಹಾಕಿ.

ತಾರಸಿ ಮೇಲೇ ಆಂಟೆನಾ ಬೇಕು ಅನ್ನುವವರಿಗೆ ಇದು ದಾರಿಯಲ್ಲ. ಅಲ್ಲಿ ಒಂದು ಸಣ್ಣ ರೂಟರನ್ನು ಕ್ಲೈಂಟ್ ಮೋಡ್‌ನಲ್ಲಿಟ್ಟು (ಅಂದರೆ ಅದೇ ವೈಫೈ ಹಿಡಿಯುವ ಹಾಗೆ ಮಾಡಿ), ಕೆಳಗೆ ನೆಟ್‌ವರ್ಕ್ ಕೇಬಲ್ ಇಳಿಸಿ. ಆ ಕೇಬಲ್ 100 ಮೀಟರ್‌ವರೆಗೂ ಎಳೆಯಬಹುದು.