ಆಡುವವರ ಕೈ ನೋಡಿ

ಕೇಳುಗರಿಗೆ ನಮಸ್ಕಾರ.

ಗೇಮ್ ಬಗ್ಗೆ ಮಾತಾಡಲು ರೇಡಿಯೋದವರು ಕರೆದಿದ್ದಾರೆ ಅಂದಾಗ ಮನೆಯಲ್ಲೇ ನಕ್ಕರು. ಕಾಫಿ ರೇಟು, ಮೆಣಸಿನ ಬಳ್ಳಿಯ ರೋಗ, ಆನೆ ಕಾಟ, ಇದೆಲ್ಲ ಬಿಟ್ಟು ಗೇಮಾ ಅಂತ. ಹೌದು, ಗೇಮೇ. ಮಕ್ಕಳು ಮೊಬೈಲ್ ಹಿಡಿದು ಹಾಳಾಗುತ್ತಾರೆ ಅನ್ನೋ ಮಾತನ್ನು ಇನ್ನೊಂದು ದಿನ ಆಡೋಣ. ಇವತ್ತು ಗೇಮ್ ಮಾಡುವವರ ಕೆಲಸದ ಬಗ್ಗೆ. ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಸ್ವಲ್ಪ ಕಿವಿಗೊಡಿ.

ಹತ್ತಾರು ಜನ ಬೇರೆ ಬೇರೆ ಊರಲ್ಲಿ ಕೂತು, ಇಂಟರ್ನೆಟ್ ಮೂಲಕ ಒಟ್ಟಿಗೆ ಆಡುವ ಆಟಗಳಿವೆಯಲ್ಲ, ಅವುಗಳ ಪರದೆ ಹೇಗಿರಬೇಕು ಅಂತ ನೋಡುವುದು ನನ್ನ ಕೆಲಸ. ಬಟನ್ ಎಲ್ಲಿರಬೇಕು, ಮ್ಯಾಪ್ ಎಷ್ಟು ದೊಡ್ಡದಿರಬೇಕು, ಜೊತೆಯವನಿಗೆ ಎಷ್ಟು ಜೀವ ಉಳಿದಿದೆ ಅಂತ ಹೇಗೆ ತೋರಿಸಬೇಕು, ಇಂಥದ್ದು. ಇದಕ್ಕೆ ಯುಐ, ಅಂದರೆ ಯೂಸರ್ ಇಂಟರ್ಫೇಸ್ ಅಂತಾರೆ.

ಇದರಲ್ಲಿ ನನಗೆ ಹೇಳಲಿಕ್ಕೆ ಇರುವುದು ಒಂದೇ ಮಾತು. ಆಡುವವರ ಬಾಯಿ ಕೇಳಬೇಡಿ, ಕೈ ನೋಡಿ.

ಯಾಕೆ ಅಂದರೆ, ಕೇಳಿದರೆ ಎಲ್ಲರೂ ಇನ್ನೊಂದು ಬಟನ್ ಕೊಡಿ ಅಂತಾರೆ. ಒಬ್ಬೊಬ್ಬರು ಕೇಳುವುದೂ ಸರಿಯೇ. ಎಲ್ಲವನ್ನೂ ಸೇರಿಸಿದಿರೋ, ಅಂಗೈಯಗಲದ ಫೋನಿನಲ್ಲಿ ಆಟವೇ ಕಾಣುವುದಿಲ್ಲ.

ಒಂದು ಕಥೆ ಹೇಳುತ್ತೇನೆ. ಒಂದು ಕಂಪನಿ, ಹೆಸರು ಬೇಡ, ನಾಲ್ಕು ಜನರ ತಂಡವಾಗಿ ಆಡುವ ಶೂಟಿಂಗ್ ಗೇಮ್ ಮಾಡಿತ್ತು. ಆಡಿದವರೆಲ್ಲ ಮಾತು ಸರಿಯಾಗಿ ಕೇಳಿಸಲ್ಲ, ಚಾಟ್ ಚೆನ್ನಾಗಿಲ್ಲ ಅಂತ ಬರೆದು ಕಳಿಸಿದ್ದರು. ಕಂಪನಿಯವರು ದೊಡ್ಡದೊಂದು ಚಾಟ್ ಬಾಕ್ಸ್ ಡಿಸೈನ್ ಮಾಡಿಯೂ ಇಟ್ಟಿದ್ದರು. ಸ್ವಲ್ಪ ತಡೀರಿ, ಆಡುವುದನ್ನು ಮೊದಲು ಕಣ್ಣಾರೆ ನೋಡ್ತೀನಿ ಅಂದೆ.

ಆಗ ಜೋರು ಮಳೆಗಾಲ. ವಿರಾಜಪೇಟೆ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಗೆ ಹೋದೆ. ಶಾಲೆಗೆ ರಜೆ ಕೊಟ್ಟಿದ್ದರು, ನಾಲ್ಕು ಮಕ್ಕಳೂ ಮನೆಯಲ್ಲೇ ಇದ್ದರು. ಒಬ್ಬ ಜಗಲಿಯಲ್ಲಿ, ಒಬ್ಬ ಮೆಟ್ಟಿಲ ಮೇಲೆ, ಇಬ್ಬರು ಒಳಗೆ. ಆಟ ಶುರುವಾಯಿತು.

‘ಅಲ್ಲಿದ್ದಾನೆ, ಅಲ್ಲಿದ್ದಾನೆ!’

‘ಎಲ್ಲೋ?’

‘ಮರದ ಹಿಂದೆ!’

‘ಯಾವ ಮರ?’

‘ಆ ದೊಡ್ಡ ಮರ ಕಣೋ!’

‘ಎಲ್ಲಾ ದೊಡ್ಡದೇ ಅಲ್ವಾ!’

ಅಷ್ಟರಲ್ಲಿ ನಾಲ್ವರೂ ಔಟ್.

ಈಗ ನೋಡಿ, ಒಂದೇ ಮನೆ, ಮೈಕೇ ಬೇಡ. ಮಳೆ ಸದ್ದನ್ನೂ ಮೀರಿ ಕಿರುಚುತ್ತಿದ್ದಾರೆ. ಮಾತು ಕೇಳಿಸುತ್ತಿದೆ, ಕೆಲಸ ಮಾತ್ರ ಆಗುತ್ತಿಲ್ಲ. ಮೂರನೇ ಆಟವೋ ನಾಲ್ಕನೆಯದೋ, ಎಲ್ಲರಿಗಿಂತ ಚಿಕ್ಕ ಹುಡುಗಿಗೆ ರೇಗಿಹೋಯಿತು. ತನ್ನ ಫೋನ್ ಹಿಡಿದುಕೊಂಡೇ ಜಗಲಿಗೆ ಓಡಿದಳು. ಅಣ್ಣನ ಫೋನಿನ ಮೇಲೆ ಬೆರಳಿಟ್ಟು ‘ಇಲ್ಲಿ’ ಅಂದಳು. ಅವನು ಹೊಡೆದ, ಎದುರಾಳಿ ಬಿದ್ದ. ಅಷ್ಟೇ, ಆಮೇಲೆ ಇವಳದ್ದು ಅದೇ ಕೆಲಸವಾಯಿತು. ಜಗಲಿಗೆ ಓಡುವುದು, ಮೆಟ್ಟಿಲಿಗೆ ಓಡುವುದು, ಬೆರಳಿಡುವುದು. ಈಗಷ್ಟೇ ನೆಲ ಒರೆಸಿದ್ದೀನಿ, ಜಾರಿ ಬೀಳ್ತೀಯಾ ಅಂತ ಚಿಕ್ಕಮ್ಮ ಬೈಯುತ್ತಲೇ ಇದ್ದರು. ಸಂಜೆ ಆ ಮಕ್ಕಳನ್ನೇ ಕೇಳಿದೆ, ಆಟದಲ್ಲಿ ಏನು ಬದಲಾಯಿಸಬೇಕು ಅಂತ. ನಾಲ್ವರೂ ಏನಂದರು ಗೊತ್ತಾ? ಚಾಟ್ ಸರಿಮಾಡಿ! ಓಡಾಡಿದ ಆ ಹುಡುಗಿಯೂ ಅದನ್ನೇ ಹೇಳಿದಳು.

ಬಾಯಿ ಚಾಟ್ ಅಂತು, ಕೈ ಬೆರಳು ತೋರಿಸಿತು. ಅದಕ್ಕೇ ಹೇಳಿದ್ದು, ಕೈ ನೋಡಿ.

ಕಂಪನಿಯವರಿಗೆ ಇದು ರುಚಿಸಲಿಲ್ಲ, ಡಿಸೈನ್ ಆಗಿಹೋಗಿತ್ತಲ್ಲ. ಕೊನೆಗೂ ಒಂದು ಬಟನ್ ಬಂತು. ನೀವು ನೋಡುತ್ತಿರುವ ಜಾಗಕ್ಕೆ ಗುರಿಯಿಟ್ಟು ಒತ್ತಿದರೆ ಉಳಿದ ಮೂವರ ಪರದೆಯಲ್ಲೂ ಅಲ್ಲೇ ಒಂದು ಗುರುತು ಬೀಳುತ್ತದೆ. ಗೇಮ್ ಆಡುವವರು ಇದಕ್ಕೆ ಪಿಂಗ್ ಅಂತಾರೆ. ಇದೇನು ನಾವು ಕಂಡುಹಿಡಿದದ್ದಲ್ಲ. 2019ರಲ್ಲಿ ಬಂದ ಅಪೆಕ್ಸ್ ಲೆಜೆಂಡ್ಸ್ ಆಟ ಹೆಸರು ಮಾಡಿದ್ದಕ್ಕೆ ಇದೂ ಒಂದು ಕಾರಣ. ಅದರಲ್ಲಿ ಎದುರಾಳಿಗೆ ಗುರುತು ಹಾಕಿದರೆ ಎದುರಾಳಿ ಅಂತ, ಬಂದೂಕಿಗೆ ಹಾಕಿದರೆ ಬಂದೂಕು ಅಂತ ಆಟವೇ ಹೇಳುತ್ತದೆ. ಮೈಕ್ ಇಲ್ಲದಿದ್ದರೂ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ತಂಡವಾಗಿ ಆಡಬಹುದು. ಅದೇ ವರ್ಷ ಫೋರ್ಟ್‌ನೈಟ್ ಕೂಡ ಇಂಥದ್ದನ್ನು ಸೇರಿಸಿತು.

1997ರಲ್ಲಿ ನಮ್ಮ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬವನ್ನು ನೀವೆಲ್ಲ ನೋಡಿದ್ದೀರಿ. ಬಾಲ್ ಕಾಲ ಬಳಿ ಇರುವಾಗ ಯಾರಾದರೂ ಚೀಟಿ ಬರೆದು ಕೊಡ್ತಾರಾ? ಸ್ಟಿಕ್ ಎತ್ತಿ ತೋರಿಸಿ ಓಡುತ್ತಾರೆ. ಗೇಮ್ ಒಳಗೂ ಅಷ್ಟೇ. ಇದನ್ನು ಎಷ್ಟು ಸಲ ಹೇಳಿದರೂ ಚಾಟ್ ಬಾಕ್ಸ್ ಮಾಡುವವರು ಮಾಡುತ್ತಲೇ ಇರುತ್ತಾರೆ!

ಗಾಜಿನ ಆಚೆಯಿಂದ ಎರಡು ನಿಮಿಷ ಅಂತ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಬಣ್ಣ. ನಮ್ಮವರು ಹಸಿರು, ಎದುರಿನವರು ಕೆಂಪು ಅಂತ ಇಟ್ಟು ಸುಮ್ಮನಾಗಬೇಡಿ. ಕೆಂಪು ಹಸಿರು ಬೇರೆ ಮಾಡಿ ಕಾಣದವರಿದ್ದಾರೆ, ಗಂಡಸರಲ್ಲಿ ಜಾಸ್ತಿ. ಬಣ್ಣದ ಜೊತೆ ಆಕಾರವೂ ಬೇರೆ ಇರಲಿ. ಅಮಾಂಗ್ ಅಸ್ ಆಟದಲ್ಲಿ ಬಣ್ಣದ ವೈರ್ ಜೋಡಿಸುವ ಕೆಲಸವಿದೆಯಲ್ಲ, ಅದಕ್ಕೆ ಆಮೇಲೆ ಚಿಹ್ನೆಗಳನ್ನು ಸೇರಿಸಿದರು. ಬಟನ್ ಅಳತೆ. ಆಂಡ್ರಾಯ್ಡ್ ಫೋನಿಗೆ ಗೂಗಲ್ ಹೇಳುವುದು ಸುಮಾರು 9 ಮಿಲಿಮೀಟರ್. ಅದಕ್ಕಿಂತ ಸಣ್ಣದು ಮಾಡಬೇಡಿ. ಹೆಬ್ಬೆರಳು ಮುಚ್ಚುವ ಕೆಳಗಿನ ಮೂಲೆಗಳಲ್ಲಿ ಓದಬೇಕಾದ ಏನನ್ನೂ ಇಡಬೇಡಿ. ಇದೆಲ್ಲ ಹೇಗೆ ಗೊತ್ತಾಗುತ್ತದೆ? ಕೈ ನೋಡಿದರೆ!

ಕೊನೆಯದು ನೆಟ್‌ವರ್ಕ್. ಇದು ನಮ್ಮ ಜಿಲ್ಲೆಯವರ ಸಂಕಟ. ಗಾಳಿಮಳೆಗೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಹೋಗುತ್ತದೆ. ಆಟದಲ್ಲಿ ನಮ್ಮ ಹುಡುಗ ಕಂಬದ ಹಾಗೆ ನಿಂತುಬಿಡುತ್ತಾನೆ. ಜೊತೆಯವರು, ಏನೋ ನಿದ್ದೆ ಮಾಡ್ತಿದ್ದೀಯಾ ಅಂತ ಬೈಯುತ್ತಾರೆ. ಬಹಳ ಆಟಗಳಲ್ಲಿ ಸಿಗ್ನಲ್ ಎಷ್ಟಿದೆ ಅಂತ ಅವರವರಿಗೇ ಕಾಣುತ್ತದೆ. ಅದನ್ನು ಹೆಸರಿನ ಪಕ್ಕ, ತಂಡದವರೆಲ್ಲರಿಗೂ ಕಾಣುವ ಹಾಗೆ ಹಾಕಿ. ಸೋಮವಾರಪೇಟೆಯಲ್ಲಿ ಟವರ್ ಹೋಗಿದೆ ಅಂತ ದಿಲ್ಲಿಯಲ್ಲಿ ಕೂತವನಿಗೆ ಇನ್ನು ಹೇಗೆ ಗೊತ್ತಾಗಬೇಕು?

ಸಮಯ ಮುಗಿಯಿತಂತೆ. ನಮಸ್ಕಾರ.