ಈ ಪದ ಯಾರಿಗೆ ಸೇರಿದ್ದು? ಸ್ಪ್ಯಾನಿಷ್ ಕಲಿಯುವವರಿಗೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ.

ಮೊದಲು ಭೂಪಟವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮಧ್ಯ ಅಮೆರಿಕದಲ್ಲಿ 'ಕೋಸ್ತಾ ರಿಕಾ' ಅಂತ ಒಂದು ದೇಶವಿದೆ. ಕೆರಿಬಿಯನ್ ಕಡಲಿನಲ್ಲಿ 'ಪ್ವೆರ್ತೊ ರಿಕೊ' ಎಂಬ ದ್ವೀಪವಿದೆ. ಮೊದಲನೆಯದರ ಅರ್ಥ ಸಿರಿವಂತ ಕರಾವಳಿ, ಎರಡನೆಯದು ಸಿರಿವಂತ ಬಂದರು. ಎರಡರಲ್ಲೂ ಗುಣವಾಚಕ ಒಂದೇ. ಆದರೂ ಒಂದು ಕಡೆ 'ರಿಕಾ', ಇನ್ನೊಂದು ಕಡೆ 'ರಿಕೊ'. ಯಾಕೆ? ಸ್ಪ್ಯಾನಿಷ್‌ನಲ್ಲಿ ಕರಾವಳಿ ಸ್ತ್ರೀಲಿಂಗ, ಬಂದರು ಪುಲ್ಲಿಂಗ. ಇನ್ನೂ ದಕ್ಷಿಣಕ್ಕೆ ಹೋದರೆ ಅರ್ಜೆಂಟೀನಾದ ರಾಜಧಾನಿ 'ಬ್ವೇನೊಸ್ ಐರೆಸ್', ಅಂದರೆ ಒಳ್ಳೆಯ ಗಾಳಿ. ಅಲ್ಲಿ ಗಾಳಿ ಬಹುವಚನದಲ್ಲಿದೆ. ಹಾಗಾಗಿ 'ಬ್ವೇನೊ' ಕೂಡ 'ಬ್ವೇನೊಸ್' ಆಗಿದೆ.

ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮಕ್ಕಳು ಅನ್ನುತ್ತೇವೆ, 'ಒಳ್ಳೆಯ' ಅಲುಗಾಡುವುದಿಲ್ಲ. ಆದರೆ ಅದೇ ಪದವನ್ನು ವಾಕ್ಯದ ಕೊನೆಗೆ ತನ್ನಿ. ಅವನು ಒಳ್ಳೆಯವನು, ಅವಳು ಒಳ್ಳೆಯವಳು, ಅವರು ಒಳ್ಳೆಯವರು. ಬದಲಾಯಿತು ಅಲ್ವಾ? ಈ ಅಭ್ಯಾಸ ನಮ್ಮ ನಾಲಿಗೆಗೆ ಮೊದಲೇ ಇದೆ. ಸ್ಪ್ಯಾನಿಷ್‌ನವರು ಅದನ್ನು ಎಲ್ಲ ಕಡೆ ಮಾಡುತ್ತಾರೆ, ಅಷ್ಟೇ. 'ಗ್ರಾಂದೆ' (ದೊಡ್ಡ), 'ವೆರ್ದೆ' (ಹಸಿರು) ತರಹದ ಪದಗಳು ಲಿಂಗಕ್ಕೆ ಬದಲಾಗುವುದಿಲ್ಲ, ವಚನಕ್ಕೆ ಮಾತ್ರ ಬದಲಾಗುತ್ತವೆ.

ಇನ್ನು ಜಾಗದ ವಿಷಯ. ಗುಣವಾಚಕ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ. ನಾಮಪದಕ್ಕಿಂತ ಮೊದಲು ಬಂದರೆ ಕೆಲವು ಪದಗಳ ಅರ್ಥವೇ ಬೇರೆಯಾಗುತ್ತದೆ. ನಾವು 'ದೊಡ್ಡ ಮನುಷ್ಯ' ಅಂದಾಗ ಮೈಕಟ್ಟು ದೊಡ್ಡದೋ, ಹೆಸರು ದೊಡ್ಡದೋ ಅನ್ನುವುದು ಸಂದರ್ಭದಿಂದ ಗೊತ್ತಾಗಬೇಕು. ಸ್ಪ್ಯಾನಿಷ್‌ನಲ್ಲಿ ಅದನ್ನು ಜಾಗವೇ ಹೇಳುತ್ತದೆ. 'ಓಂಬ್ರೆ ಗ್ರಾಂದೆ' ಅಂದರೆ ದೊಡ್ಡ ಆಳು. 'ಗ್ರಾನ್ ಓಂಬ್ರೆ' ('ಗ್ರಾನ್' ಇಲ್ಲಿ 'ಗ್ರಾಂದೆ'ಯ ಮೊಟಕು ರೂಪ) ಅಂದರೆ ದೊಡ್ಡ ವ್ಯಕ್ತಿ, ಮಹಾನುಭಾವ. 'ವಿಯೆಹೊ ಅಮೀಗೊ' ಹಳೆಯ ಗೆಳೆಯ. 'ಅಮೀಗೊ ವಿಯೆಹೊ' ವಯಸ್ಸಾದ ಗೆಳೆಯ. ನನಗೆ ಈ ಭಾಷೆಯಲ್ಲಿ ತುಂಬಾ ಇಷ್ಟವಾದದ್ದು ಇದೇ.

ಈಗ ಕ್ರಿಯಾವಿಶೇಷಣಕ್ಕೆ ಬರೋಣ. 'ಲೆಂತೊ' ಅಂದರೆ ನಿಧಾನದ. 'ಲೆಂತಾಮೆಂತೆ' ಅಂದರೆ ನಿಧಾನವಾಗಿ. ಇಲ್ಲಿ 'ಲೆಂತಾ' ಎಂಬ ಸ್ತ್ರೀಲಿಂಗ ರೂಪ ಯಾಕೆ ಬಂತು? 'ಮೆಂತೆ' ಹುಟ್ಟಿದ್ದು ಲ್ಯಾಟಿನ್‌ನ 'ಮನಸ್ಸಿನಿಂದ' ಎಂಬ ಪದದಿಂದ. ಲ್ಯಾಟಿನ್‌ನಲ್ಲಿ ಮನಸ್ಸು ಸ್ತ್ರೀಲಿಂಗ. ಹಿರಿಯರು ನಮಗೆ 'ಒಳ್ಳೆ ಮನಸ್ಸಿನಿಂದ ಮಾಡು' ಅನ್ನುತ್ತಾರಲ್ಲ, ಆ ಹಾದಿಯಲ್ಲೇ ಒಂದು ಪ್ರತ್ಯಯ ಬೆಳೆದಿದೆ! ಇಂತಹ ಎರಡು ಪದ ಒಟ್ಟಿಗೆ ಬಂದರೆ 'ಮೆಂತೆ' ಕೊನೆಯದಕ್ಕೆ ಮಾತ್ರ. 'ಲೆಂತಾ ಇ ಕ್ಲಾರಾಮೆಂತೆ' ಅಂದರೆ ನಿಧಾನವಾಗಿ, ಸ್ಪಷ್ಟವಾಗಿ. ಒಂದೇ ಮನಸ್ಸು, ಎರಡು ಗುಣ.

ಕನ್ನಡಿಗರು ಎಡವುವುದು ಇದರ ನಂತರ. ಈ ಎರಡು ವಾಕ್ಯ ಕೇಳಿ. ಹುಡುಗಿಯರು ತಡವಾಗಿ ಬಂದರು. ಹುಡುಗಿಯರು ಸುಸ್ತಾಗಿ ಬಂದರು. ನಮಗೆ ಎರಡೂ 'ಆಗಿ'. ಸ್ಪ್ಯಾನಿಷ್‌ನಲ್ಲಿ ಹಾಗಲ್ಲ.

'ಲಾಸ್ ನೀನ್ಯಾಸ್ ಯೆಗಾರೊನ್ ತಾರ್ದೆ.' ತಡವಾದದ್ದು ಬಂದ ಕೆಲಸ. ಹಾಗಾಗಿ 'ತಾರ್ದೆ' ಕ್ರಿಯಾವಿಶೇಷಣ. ಹುಡುಗರು ಬಂದರೂ ಅದು 'ತಾರ್ದೆ'ಯೇ.

'ಲಾಸ್ ನೀನ್ಯಾಸ್ ಯೆಗಾರೊನ್ ಕಾನ್ಸಾದಾಸ್.' ಸುಸ್ತಾಗಿರುವುದು ಬರುವ ಕೆಲಸಕ್ಕಲ್ಲ, ಹುಡುಗಿಯರಿಗೆ. ಹಾಗಾಗಿ ಇದು ಗುಣವಾಚಕ. ಹುಡುಗರಾದರೆ 'ಕಾನ್ಸಾದೊಸ್'. ಒಬ್ಬಳೇ ಬಂದರೆ 'ಕಾನ್ಸಾದಾ'.

ಬಾಯಿ ತೆರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ. ಈ ಪದ ಯಾರಿಗೆ ಸೇರಿದ್ದು? ವ್ಯಕ್ತಿಗೋ ವಸ್ತುವಿಗೋ ಸೇರಿದ್ದರೆ ಅದರ ಲಿಂಗ, ವಚನ ಹಿಡಿದು ಬದಲಾಗಬೇಕು. ಕೆಲಸಕ್ಕೆ ಸೇರಿದ್ದರೆ ಸುಮ್ನೆ ಬಿಡಿ, ಅದು ಬದಲಾಗುವುದಿಲ್ಲ.

ನಮ್ಮ 'ತುಂಬಾ' ಕೂಡ ಹೀಗೆ ಒಡೆಯುತ್ತದೆ. ತುಂಬಾ ಮನೆಗಳು ಅನ್ನಲು 'ಮೂಚಾಸ್ ಕಾಸಾಸ್'. ಅಲ್ಲಿ ಅದು ಮನೆಗಳ ಮಾತು. ಅವರು ತುಂಬಾ ದುಡಿಯುತ್ತಾರೆ ಅನ್ನಲು 'ತ್ರಬಾಹಾನ್ ಮೂಚೊ'. ತುಂಬಾ ಸುಸ್ತಾದ ಹುಡುಗಿಯರಿಗೆ 'ಮುಯ್ ಕಾನ್ಸಾದಾಸ್'. ಗುಣವಾಚಕಕ್ಕಿಂತ ಮೊದಲು 'ಮುಯ್', ಕ್ರಿಯಾಪದದ ಜೊತೆ 'ಮೂಚೊ'. ಇದು ಬೇಗ ರೂಢಿಯಾಗುತ್ತದೆ, ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ.

ಕೊನೆಯದಾಗಿ ಅಜ್ಜಿ ಕಥೆಗಳ ಕೊನೆಯ ಸಾಲು. ನಮ್ಮಲ್ಲಿ ರಾಜಕುಮಾರ, ರಾಜಕುಮಾರಿ 'ಸುಖವಾಗಿ ಬಾಳಿದರು'. ಸ್ಪ್ಯಾನಿಷ್ ಮಕ್ಕಳು ಕೇಳುವುದು 'ವಿವಿಯೆರೊನ್ ಫೆಲೀಸೆಸ್ ಇ ಕೊಮಿಯೆರೊನ್ ಪೆರ್ದೀಸೆಸ್'. ಪ್ರಾಸಕ್ಕಾಗಿ ಅವರು ಕೌಜುಗದ ಊಟವನ್ನೂ ಮಾಡುತ್ತಾರೆ. ಅಲ್ಲಿ 'ಫೆಲೀಸ್‌ಮೆಂತೆ' ಅನ್ನದೆ 'ಫೆಲೀಸೆಸ್' ಅಂದಿದ್ದಾರೆ, ನೋಡಿ. ಸುಖ ಬಾಳಿದ ರೀತಿಗೆ ಸೇರಿಲ್ಲ, ಆ ಇಬ್ಬರಿಗೆ ಸೇರಿದೆ. ರಾಜಕುಮಾರಿ ಒಬ್ಬಳೇ ಇದ್ದಿದ್ದರೆ ಕಥೆ 'ವಿವಿಯೊ ಫೆಲೀಸ್' ಅಂತ ಮುಗಿಯುತ್ತಿತ್ತು.