ಬೀಗದ ಕೈ ಯಾರಿಗೆ ಕೊಡ್ತಾರೆ?

ನಮಸ್ಕಾರ. ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ, ಮನೆಯ ಮಹಡಿ ಮೇಲೆ ಕೂತು ಇದನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಕೆಳಗೆ ರೇಷ್ಮೆ ಹುಳು ಸಾಕುವ ಹುಳು ಮನೆ. ನಾಲ್ಕನೇ ಜ್ವರ ಎದ್ದಿವೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿವೆ. ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿದೆ. ನಡುವೆ ಅಮ್ಮ ಕೂಗಿದರೆ ಎದ್ದು ಹೋಗಬೇಕಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಮೊನ್ನೆ ಊರಿಗೆ ಬಂದ ದಿನವೇ ದೊಡ್ಡಪ್ಪ ಎಲ್ಲರ ಮುಂದೆ ಕೇಳಿದರು. "ಏನಮ್ಮಾ, ಅಷ್ಟು ಓದಿಸಿದ್ದು ಅಲ್ಲಿ ಹೋಗಿ ನಾಯಿ ಮೇಯಿಸೋಕಾ?" ನೆಂಟರೆಲ್ಲ ನಕ್ಕರು. ನಾನೂ ನಕ್ಕೆ. ಇನ್ನೇನು ಮಾಡುವುದು? ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಓದಿದೆ, ಮದುವೆಯಾಗಿ ಇಂಗ್ಲೆಂಡಿಗೆ ಹೋದೆ, ಈಗ ಅಲ್ಲಿ ಬೇರೆಯವರ ನಾಯಿ ನೋಡಿಕೊಳ್ಳುವುದೇ ನನ್ನ ದುಡಿಮೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ.

ಇನ್ನೊಂದು ಕಡೆ, ಹುಡುಗ ಹುಡುಗಿಯರ ಮೆಸೇಜ್ ಬರುತ್ತವೆ. "ಅಕ್ಕಾ, ನಂಗೂ ನಾಯಿ ಅಂದ್ರೆ ಪ್ರಾಣ. ಅಲ್ಲಿಗೆ ಬಂದು ನಾನೂ ಶುರು ಮಾಡ್ಲಾ?" ದೊಡ್ಡಪ್ಪನಿಗೆ ಇದು ಜೀತ. ಇವರಿಗೆ ಇದು ಆಟ. ನನ್ನ ಪ್ರಕಾರ ಇಬ್ಬರೂ ಕೆಲಸವನ್ನು ಸರಿಯಾಗಿ ನೋಡಿಲ್ಲ.

ಸ್ವಲ್ಪ ಯೋಚಿಸಿ. ನಾಯಿಯನ್ನು ಪ್ರೀತಿಸಲು ಅದರ ಮನೆಯವರೇ ಇದ್ದಾರೆ. ಅದಕ್ಕೆ ನನ್ನನ್ನು ಯಾಕೆ ಕರೆಯುತ್ತಾರೆ? ಅವರಿಗೆ ಬೇಕಿರುವುದು ಮನೆಯ ಬೀಗದ ಕೈ ಕೊಟ್ಟು ನಿಶ್ಚಿಂತೆಯಾಗಿ ಹೋಗಬಹುದಾದ ಒಬ್ಬ ಮನುಷ್ಯ. ನಮ್ಮೂರಲ್ಲಿ ಇದು ದೊಡ್ಡ ವಿಷಯವೇ ಅಲ್ಲ. "ಸರೋಜಕ್ಕಾ, ಎರಡು ದಿನ ಹಸು ನೋಡ್ಕೋ" ಅಂದರೆ ಮುಗಿಯಿತು. ಸರೋಜಕ್ಕ ಹಾಲು ಕರೆದು ಡೈರಿಗೂ ಹಾಕಿ ಬರುತ್ತಾರೆ. ಅಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಾಗಲಿಕ್ಕೇ ನನಗೆ ಒಂದು ವರ್ಷ ಹಿಡಿಯಿತು. ಸರೋಜಕ್ಕ ಇಲ್ಲದ ಊರಲ್ಲಿ ಸರೋಜಕ್ಕನ ಕೆಲಸವನ್ನು ದುಡ್ಡಿಗೆ ಮಾಡುವುದು, ಅಷ್ಟೇ ನನ್ನ ವ್ಯಾಪಾರ.

ಈಗ ನನ್ನ ಹತ್ತಿರ ಹನ್ನೊಂದು ಮನೆಗಳ ಬೀಗದ ಕೈ ಇವೆ. ಒಂದರ ಮೇಲೂ ಹೆಸರಿಲ್ಲ, ವಿಳಾಸವಿಲ್ಲ. ನನಗೆ ಮಾತ್ರ ತಿಳಿಯುವ ಗುರುತು ಹಾಕಿಟ್ಟಿದ್ದೇನೆ. ದಾರಿಯಲ್ಲಿ ಬಿದ್ದುಹೋದರೂ ಸಿಕ್ಕವರಿಗೆ ಯಾವ ಮನೆಯದು ಎಂದು ಗೊತ್ತಾಗಬಾರದು. ಮೊದಲು ಬೀಗದ ಕೈ ಕೊಟ್ಟವರು ಎದುರು ಮನೆಯ ಅಜ್ಜಿ. ಅವರಿಗೆ ಮಂಡಿ ಆಪರೇಷನ್ ಆಗಿತ್ತು. ಆರು ವಾರ ಅವರ ನಾಯಿಯನ್ನು ದಿನಾ ಎರಡು ಹೊತ್ತು ಓಡಾಡಿಸಿದೆ. ಡಿಸೆಂಬರ್. ಸಂಜೆ ನಾಲ್ಕಕ್ಕೇ ಕತ್ತಲು, ಮೇಲಿಂದ ಜಿನುಗು ಮಳೆ. ಆಗ ಪ್ರೀತಿ ಎಲ್ಲಿತ್ತೋ ಗೊತ್ತಿಲ್ಲ, ಸುಮ್ನೆ ಬೂಟು ಹಾಕಿಕೊಂಡು ಹೊರಡುತ್ತಿದ್ದೆ.

ಹಾಂ, ಸ್ಟೂಡೆಂಟ್ ವೀಸಾದಲ್ಲಿ ಹೊರಟವರೇ, ಈ ಭಾಗವನ್ನು ಎರಡು ಸಲ ಕೇಳಿ. ಬ್ರಿಟನ್‌ನಲ್ಲಿ ಡಿಗ್ರಿ ಓದುವವರಿಗೆ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ದುಡಿಯಲು ಬಿಡುತ್ತಾರೆ, ನಿಜ. ಆದರೆ ಯಾರದಾದರೂ ಕೈಕೆಳಗೆ ಸಂಬಳಕ್ಕೆ ದುಡಿಯಬೇಕು. ಸ್ವಂತ ಉದ್ಯೋಗ ಮಾಡುವಂತಿಲ್ಲ. ಆ್ಯಪ್‌ನಲ್ಲಿ ಹೆಸರು ಹಾಕಿ ನಾಲ್ಕು ನಾಯಿ ಓಡಾಡಿಸಿ ದುಡ್ಡು ತೆಗೆದುಕೊಂಡರೂ ಅದು ಸ್ವಂತ ಉದ್ಯೋಗವೇ. "ಯಾರಿಗೆ ಗೊತ್ತಾಗುತ್ತೆ ಬಿಡಕ್ಕಾ" ಅನ್ನಬೇಡಿ. ಮನೆಯವರು ಸಾಲ ಮಾಡಿ ಕಳಿಸಿರುತ್ತಾರೆ. ನಾನು ಗಂಡನ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಹೋದವಳು, ನನಗೆ ಸ್ವಂತ ಉದ್ಯೋಗಕ್ಕೆ ಅನುಮತಿ ಇತ್ತು. ಅಮೆರಿಕದಲ್ಲಿ ಗಂಡನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿರುವ ನನ್ನ ಗೆಳತಿಗೆ ಆ ಭಾಗ್ಯ ಇಲ್ಲ. ಅಲ್ಲಿ ದುಡಿಯಲು ಪ್ರತ್ಯೇಕ ಪರವಾನಗಿ ಬೇಕು, ಅದನ್ನು ಕೊಡಲು ಶುರು ಮಾಡಿದ್ದೇ 2015ರಲ್ಲಿ, ಅದೂ ಕೆಲವರಿಗಷ್ಟೇ. ನಾಯಿ ಹುಡುಕುವ ಮೊದಲು ವೀಸಾ ಕಾಗದ ಓದಿ.

ಇನ್ನು ನಿಯಮ. ಇಂಗ್ಲೆಂಡಿನಲ್ಲಿ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗಲು ಲೈಸೆನ್ಸ್ ಬೇಡ. ಆದರೆ ದುಡ್ಡು ತೆಗೆದುಕೊಂಡು ನಿಮ್ಮ ಮನೆಯಲ್ಲಿ ರಾತ್ರಿ ಇಟ್ಟುಕೊಳ್ಳುವ ವ್ಯಾಪಾರ ಮಾಡಿದರೆ ಬೇಕು. 2018ರ ಅಕ್ಟೋಬರ್‌ನಿಂದ ಅದಕ್ಕೆ ಹೊಸ ಕಾನೂನು ಬಂದಿದೆ. ಅಲ್ಲಿನ ಕೌನ್ಸಿಲ್, ಅಂದರೆ ನಮ್ಮ ನಗರಸಭೆ ಇದ್ದ ಹಾಗೆ, ಮನೆಗೆ ಬಂದು ನೋಡಿ ಒಂದರಿಂದ ಐದು ಸ್ಟಾರ್ ಕೊಡುತ್ತದೆ. ನಾನು ಎರಡು ವರ್ಷ ಬರೀ ವಾಕಿಂಗ್ ಮಾಡಿದೆ. ಬಾಡಿಗೆ ಮನೆ, ಓನರ್ ಒಪ್ಪಲಿಲ್ಲ. ಆಮೇಲೆ ಹಿತ್ತಲು ಇರುವ ಮನೆಗೆ ಹೋಗಿ, ಅಲ್ಲಿನ ಓನರ್ ಹತ್ತಿರ ಬರೆಸಿಕೊಂಡು ಅರ್ಜಿ ಹಾಕಿದೆ.

ಆ ನಿಯಮಗಳನ್ನು ಓದುವಾಗ ನನಗೆ ನಗು ಬಂತು. ಯಾಕೆ ಗೊತ್ತಾ? ನಾಯಿಗೂ ಹೊರಬಾಗಿಲಿಗೂ ಮಧ್ಯೆ ಭದ್ರವಾದ ಎರಡು ತಡೆ ಇರಬೇಕಂತೆ. ಒಂದು ತೆರೆದಿದ್ದರೂ ಇನ್ನೊಂದು ಇರಲಿ ಅಂತ. ಅಯ್ಯೋ, ನಾನು ಹುಟ್ಟಿದ್ದೇ ಅಂಥ ಮನೆಯಲ್ಲಿ! ರೇಷ್ಮೆ ಹುಳುವಿನ ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣ ನುಗ್ಗದಿರಲಿ ಎಂದು ನಮ್ಮ ಹುಳು ಮನೆಗೆ ಹೊರಗೆ ನೈಲಾನ್ ಪರದೆ, ಒಳಗೆ ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕು. ತಪ್ಪಿದರೆ ಅಮ್ಮನ ಕೈಯಲ್ಲಿ ಬೆನ್ನಿಗೆ ಬೀಳುತ್ತಿತ್ತು. ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿಕೊಂಡೇ ಒಳಗೆ ಹೋಗಬೇಕು. ಯಾವ ಹೊತ್ತಿಗೆ ಸೊಪ್ಪು ಹಾಕಿದೆವು, ಯಾವ ದಿನ ಜ್ವರಕ್ಕೆ ಕೂತವು, ಎಲ್ಲ ಗೋಡೆ ಕ್ಯಾಲೆಂಡರ್ ಮೇಲೆ. ಅಲ್ಲಿಯೂ ಅದೇ ಕಥೆ. ಯಾವ ನಾಯಿ ಎಷ್ಟು ತಿಂದಿತು, ಯಾವ ಮಾತ್ರೆ ಕೊಟ್ಟೆ, ಲಸಿಕೆ ಯಾವಾಗ ಆಯಿತು, ಎಲ್ಲ ಬರೆದಿಡಬೇಕು. ಪ್ರತಿ ನಾಯಿಗೂ, ಬೇಕಾದಾಗ ಬೇರೆ ಇಡಲು, ಅದರದೇ ಒಂದು ಕೋಣೆ ಬೇಕು. ನಾಯಿಪಾಡು ಅಂತೀವಲ್ಲ, ಆ ಊರಲ್ಲಿ ಅದಕ್ಕೆ ಅರ್ಥವೇ ಬೇರೆ. ನಾನು ಹಾಸ್ಟೆಲ್‌ನಲ್ಲಿದ್ದಾಗ ಒಂದು ಕೋಣೆಗೆ ನಾಲ್ಕು ಜನ ಇದ್ದೆವು.

ಹಾಗಂತ ಎಲ್ಲ ತಿಳಿದವಳ ಹಾಗೆ ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಒಂದು ಯುಗಾದಿಗೆ ಕೇಸರಿಬಾತ್ ಮಾಡಿ ಟೇಬಲ್ ಮೇಲಿಟ್ಟು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಒಂದು ಲ್ಯಾಬ್ರಡಾರ್ ಅರ್ಧ ಪಾತ್ರೆ ಮುಗಿಸಿತ್ತು. ಸಿಹಿ ತಿಂದರೆ ಏನಾಗುತ್ತದೆ ಅಂತೀರಾ? ಅದರಲ್ಲಿ ಒಣದ್ರಾಕ್ಷಿ ಇತ್ತು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ, ಕಿಡ್ನಿ ಕೆಡಿಸಬಹುದು. ಚಾಕೊಲೇಟ್, ಈರುಳ್ಳಿ ಕೂಡ ಕೊಡಬಾರದು. ದ್ರಾಕ್ಷಿ ತೋಟಗಳ ಜಿಲ್ಲೆಯಲ್ಲಿ ಬೆಳೆದ ನನಗೆ ಇದು ಮೊದಲು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೂ ಪಾತ್ರೆ ಕೈಗೆಟಕುವಲ್ಲಿ ಇಟ್ಟಿದ್ದು ನನ್ನದೇ ತಪ್ಪು. ಡಾಕ್ಟರ ಹತ್ತಿರ ಓಡಿದೆ, ದಾರಿಯಲ್ಲೇ ಮನೆಯವರಿಗೆ ಫೋನ್ ಮಾಡಿದೆ. ವಾಂತಿ ಮಾಡಿಸಿದರು. ನಾಯಿ ಉಳಿಯಿತು. ಇನ್ಶೂರೆನ್ಸ್ ಇದ್ದದ್ದರಿಂದ ನಾನೂ ಉಳಿದೆ. ಆದರೆ ಆ ಮನೆಯವರು ಮತ್ತೆ ಬರಲಿಲ್ಲ. ಬೀಗದ ಕೈ ವಾಪಸ್ ಕೇಳಿದರು, ಕೊಟ್ಟೆ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಒಂದು ಗಂಟೆ ವಾಕಿಂಗ್‌ಗೆ 15 ಪೌಂಡ್ ತೆಗೆದುಕೊಳ್ಳುತ್ತೇನೆ. ಕೂಡಲೇ ರೂಪಾಯಿಗೆ ಗುಣಿಸಬೇಡಿ, ನಮ್ಮವರಿಗೆ ಅದೊಂದು ಚಟ. ಇನ್ಶೂರೆನ್ಸ್, ಪೆಟ್ರೋಲ್, ಲೈಸೆನ್ಸ್ ಫೀಸು, ಗಾಡಿ ತೊಳೆಯುವುದು ಎಲ್ಲ ಅದರಲ್ಲೇ. ಖರ್ಚು ಪೌಂಡಿನಲ್ಲೇ ಆಗುತ್ತದೆ. ಒಂದು ವರ್ಷದಲ್ಲಿ ವ್ಯಾಪಾರ 1,000 ಪೌಂಡ್ ದಾಟಿದರೆ ತೆರಿಗೆಯವರ ಹತ್ತಿರ ನೋಂದಣಿ ಮಾಡಿಸಬೇಕು. ಅವರ ವರ್ಷ ಏಪ್ರಿಲ್ 6ಕ್ಕೆ ಶುರು.

ಯಾರೂ ಹೇಳದ ಕಷ್ಟ ಬೇರೆ ಇದೆ. ಊರಿಗೆಲ್ಲ ರಜೆ ಬಂದಾಗ ನಮಗೆ ಜಾಸ್ತಿ ಕೆಲಸ. ಕ್ರಿಸ್‌ಮಸ್, ಆಗಸ್ಟ್‌ನ ಶಾಲೆ ರಜೆ, ಆಗಲೇ ಅವರು ಊರು ಬಿಡುವುದು. ಹೋದ ಶ್ರಾವಣದಲ್ಲಿ ಅಕ್ಕನ ಮಗಳ ಮದುವೆಗೆ ಬರಲಾಗಲಿಲ್ಲ. ಮನೆಯಲ್ಲಿ ಮೂರು ನಾಯಿ ಇದ್ದವು. "ನಾಯಿಗೋಸ್ಕರ ಮದುವೆ ಬಿಟ್ಳು" ಅಂತ ಇವತ್ತಿಗೂ ಆಡಿಕೊಳ್ಳುತ್ತಾರೆ. ಅಮ್ಮ ಮಾತ್ರ ಒಂದು ಮಾತೂ ಅನ್ನಲಿಲ್ಲ. ಹುಳು ಹಣ್ಣಾಗಿವೆ, ಗೂಡು ಕಟ್ಟುವ ಹೊತ್ತು ಎಂದು ಸ್ವಂತ ತಮ್ಮನ ಧಾರೆಗೇ ಹೋಗದವಳು ಅವಳು.

ನಿನ್ನೆ ಸಂಜೆ ದೊಡ್ಡಪ್ಪ ಮತ್ತೆ ಬಂದಿದ್ದರು. ಮನೆಮಂದಿಯೆಲ್ಲ ತಿರುಪತಿಗೆ ಹೊರಟಿದ್ದಾರೆ, ಮೂರು ದಿನ. ಬೀಗದ ಕೈಯನ್ನು ನನ್ನ ಕೈಗಿಟ್ಟು, "ರಾಜನಿಗೆ ಎರಡು ಹೊತ್ತು ಅನ್ನ ಹಾಕಮ್ಮಾ. ಮಜ್ಜಿಗೆ ಕಲಸಿದ್ರೆ ಮೂಸೂ ನೋಡಲ್ಲ, ಹಾಲೇ ಹಾಕು" ಅಂದರು. ಬರೆದುಕೊಂಡೆ.